ಎರೆಮಣ್ಣಿನ ಕೋಟೆ, ದುಂಡನೆಯ ಹಡಗು



ಬೇಸಿಗೆಯ ರಜೆಯಲ್ಲಿ ನನ್ನ ಮೊಮ್ಮಗ ಊರಿಗೆ ಬಂದಾಗ ತನ್ನೊಡನೆ ಒಂದು ಡಬ್ಬಿಯ ತುಂಬ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಂದಿದ್ದನು. ಚಂದ್ರಬಂಡದ ಬಿಸಿಲನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ, ಹನ್ನೊಂದು ಗಂಟೆಯ ಮೇಲೆ ಮಕ್ಕಳು ಹೊರಗೆ ಕಾಲಿಡುವಂತಿರಲಿಲ್ಲ. ಓಣಿಯ ನಾಲ್ಕೈದು ಹುಡುಗ ಹುಡುಗಿಯರು ನಮ್ಮ ಪಡಸಾಲೆಯಲ್ಲಿ ಸೇರಿ ಆ ಇಟ್ಟಿಗೆಗಳಿಂದ ಬಂದರು, ಕೋಟೆ, ಹಾಯಿಹಡಗುಗಳನ್ನು ಕಟ್ಟಿದರು. ಕಪ್ಪು ಹಾಸುಗಲ್ಲೇ ಸಮುದ್ರ. ಒಬ್ಬೊಬ್ಬರಿಗೂ ಒಂದೊಂದು ರಾಜ್ಯ, ಅದಕ್ಕೊಂದು ಹೆಸರು, ಒಂದು ಬಾವುಟ. ಎರಡು ದಿನ ವ್ಯಾಪಾರ, ಸುಂಕ, ಒಪ್ಪಂದಗಳೆಲ್ಲ ಸುಸೂತ್ರವಾಗಿ ನಡೆದವು. ಮೂರನೆಯ ದಿನ ಜಗಳ ಹುಟ್ಟಿತು. ಕಡಲ್ಗಳ್ಳ ಯಾರಾಗಬೇಕು? ಯಾರೂ ಒಪ್ಪಲಿಲ್ಲ. ಕೊನೆಗೆ ಎಲ್ಲರೂ ಕೂಡಿ, ಆ ಗುಂಪಿಗೆ ಹೊಸದಾಗಿ ಬಂದ ಸಣ್ಣ ಹುಡುಗನೊಬ್ಬನ ತಲೆಗೆ ಆ ಪಾತ್ರವನ್ನು ಕಟ್ಟಿದರು. ಅವನು ಅಳುತ್ತ ಮನೆಗೆ ಹೋದನು.

ಆ ಹುಡುಗನ ಅಳು ನನಗೆ ಬೇರೊಂದು ಮುಖವನ್ನು ನೆನಪಿಗೆ ತಂದಿತು. ಅದಕ್ಕಾಗಿಯೇ ಈ ಲೇಖನ.

1980ರ ದಶಕದ ಒಂದು ಮುಂಗಾರಿನ ಮಾತು. ನಾನಾಗ ನಮ್ಮ ಭಾಗದ ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಮಣ್ಣೆತ್ತಿನ ಅಮವಾಸ್ಯೆಗೆಂದು ಮಕ್ಕಳು ತಂದಿದ್ದ ಎರೆಮಣ್ಣು ಎತ್ತುಗಳನ್ನು ಮಾಡಿದ ಮೇಲೂ ಬೇಕಾದಷ್ಟು ಉಳಿದಿತ್ತು. ‘ಸರ್, ಇದರಿಂದ ರಾಯಚೂರು ಕೋಟೆ ಮಾಡೋಣ’ ಎಂದು ಒಬ್ಬಳು ಸೂಚಿಸಿದಳು. ಏಳನೆಯ ತರಗತಿಯವರು ಬೇವಿನ ಮರದ ಕೆಳಗೆ ಒಂದು ವಾರ ದುಡಿದು ಕೋಟೆಯನ್ನು ಎಬ್ಬಿಸಿದರು. ಎರಡು ಬದಿಗೆ ಎರಡು ತೋಡು ತೋಡಿ, ಒಂದನ್ನು ಕೃಷ್ಣೆಯೆಂದೂ ಇನ್ನೊಂದನ್ನು ತುಂಗಭದ್ರೆಯೆಂದೂ ಕರೆದರು. ದೂರದಲ್ಲಿ, ನೀರಿನ ಟಾಕಿಯ ಕೆಳಗಿನ ಕೆಸರು ಅರಬ್ಬೀ ಸಮುದ್ರವಾಯಿತು. ಅದರ ದಂಡೆಯಲ್ಲಿ ಗೋವೆ. ಪಾಠದಲ್ಲಿದ್ದ 1520ರ ರಾಯಚೂರು ಯುದ್ಧವನ್ನು ಆಡಿ ತೋರಿಸಬೇಕೆಂದು ನಿಶ್ಚಯವಾಯಿತು. ಪಾತ್ರಗಳನ್ನು ಹಂಚಿದವನು ನಾನು.

ಆ ಯುದ್ಧದ ಮೂಲವನ್ನು ಬಲ್ಲವರು ಬಹಳಿಲ್ಲ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ವಿಜಯನಗರದ ಸೈನ್ಯಕ್ಕೆ ಒಳ್ಳೆಯ ಕುದುರೆಗಳು ಬೇಕಾಗಿದ್ದವು. ಅವು ಅರಬಸ್ತಾನದಿಂದಲೂ ಪರ್ಷಿಯದ ಹೊರ್ಮುಜಿನಿಂದಲೂ ಹಾಯಿಹಡಗುಗಳಲ್ಲಿ ಭಟ್ಕಳ, ಗೋವೆ ಮೊದಲಾದ ಬಂದರುಗಳಿಗೆ ಬರುತ್ತಿದ್ದವು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್, ಹೊನ್ನಾವರದ ತಿಮ್ಮೋಜನ ನೆರವಿನಿಂದ ಗೋವೆಯನ್ನು ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಕಿತ್ತುಕೊಂಡನು. ಅಲ್ಲಿಂದ ಮುಂದೆ ಕುದುರೆಯ ವ್ಯಾಪಾರದ ಕೀಲಿಕೈ ಪೋರ್ಚುಗೀಸರ ಕೈಸೇರಿತು. ಕೃಷ್ಣದೇವರಾಯನು ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜಿನ ಕುದುರೆಗಳನ್ನೂ ನಾಡಕುದುರೆಗಳನ್ನೂ ಕೊಳ್ಳುತ್ತಿದ್ದನೆಂದು ಫೆರ್ನಾವೊ ನೂನಿಜ್ ಬರೆದಿದ್ದಾನೆ. ಈ ನೂನಿಜನೂ ಕುದುರೆಯ ವ್ಯಾಪಾರಿಯೇ. 1535ರ ಸುಮಾರಿನ ಅವನ ಬರೆಹವನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿಗೆ ತಂದರು.

ಆ ನೂನಿಜನು ಹೇಳುವಂತೆ, ರಾಯನು ತನ್ನಲ್ಲಿ ಬಹುಕಾಲ ಸೇವೆಯಲ್ಲಿದ್ದ ಒಬ್ಬ ಮುಸಲ್ಮಾನನ ಕೈಗೆ ನಲವತ್ತು ಸಾವಿರ ಪರದಾವುಗಳನ್ನು ಕೊಟ್ಟು, ಗೋವೆಗೆ ಹೋಗಿ ಕುದುರೆಗಳನ್ನು ತರಲು ಕಳುಹಿಸಿದನು. ನೂನಿಜ್ ಅವನನ್ನು ‘ಸಿಡೆ ಮೆರ್ಕಾರ್’ ಎಂದು ಕರೆದಿದ್ದಾನೆ. ಅವನು ದಾರಿಯಲ್ಲಿ ಫೋಂಡಾದಲ್ಲಿ ನಿಂತು, ಹಣದೊಡನೆ ಆದಿಲ್‌ಶಹನ ಆಶ್ರಯ ಪಡೆದನು. ಮನುಷ್ಯನನ್ನೂ ಹಣವನ್ನೂ ಹಿಂದಿರುಗಿಸೆಂದು ರಾಯನು ಕೇಳಿದನು, ಇಸ್ಮಾಯಿಲ್ ಆದಿಲ್‌ಶಹನು ಕೊಡಲಿಲ್ಲ. ದೋಆಬಿನ ಮೇಲಿನ ಹಳೆಯ ಹಗೆಗೆ ಇದೊಂದು ನೆಪವಾಯಿತು. ರಾಯನ ಸೈನ್ಯ ರಾಯಚೂರಿಗೆ ಮುತ್ತಿಗೆ ಹಾಕಿತು. ಕೋಟೆಯ ನೆರವಿಗೆ ಆದಿಲ್‌ಶಹನು ಕೃಷ್ಣೆಯನ್ನು ದಾಟಿ ಬಂದನು. ಸೆವೆಲ್ಲರ ಲೆಕ್ಕದಂತೆ 1520ನೇ ಮೇ 19ರಂದು ಕಾಳಗ ನಡೆದು, ಅವನು ಸೋತು ನದಿಯನ್ನು ಮರಳಿ ದಾಟಿದನು. ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವೊ ಡಿ ಫಿಗುಯೆರೆದೊ ಎಂಬ ಪೋರ್ಚುಗೀಸನು ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದುದರಿಂದ ಕೋಟೆ ಕೈವಶವಾಯಿತು. ಸಮುದ್ರವನ್ನೇ ಕಾಣದ ನಮ್ಮ ಒಣನಾಡಿನ ಈ ಯುದ್ಧಕ್ಕೆ ಕಾರಣವೂ ಹಡಗಿನಿಂದಲೇ ಬಂದಿತು, ಅದನ್ನು ಮುಗಿಸಿದ ಬಂದೂಕೂ ಹಡಗಿನಿಂದಲೇ ಬಂದಿತು.

ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ. ತರಗತಿಯಲ್ಲಿ ಮುಸಲ್ಮಾನರ ಮನೆಯ ಹುಡುಗ ಒಬ್ಬನೇ ಇದ್ದನು. ಮಣ್ಣಿನ ಕೆಲಸದಲ್ಲಿ ಅವನ ಕೈ ಎಲ್ಲರಿಗಿಂತ ಚುರುಕು. ಬುರುಜುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಟ್ಟಿದವನು ಅವನೇ. ಪಾತ್ರ ಹಂಚುವಾಗ ನಾನು ಒಂದು ಕ್ಷಣವೂ ಯೋಚಿಸದೆ, ಹಣದೊಡನೆ ಓಡಿಹೋಗುವ ವ್ಯಾಪಾರಿಯ ಪಾತ್ರವನ್ನು ಅವನಿಗೆ ಕೊಟ್ಟೆ. ಮಕ್ಕಳು ನಕ್ಕರು. ಅವನು ನಗಲಿಲ್ಲ. ‘ಸರ್, ಎಲ್ಲಾ ಮುಸಲ್ಮಾನರೂ ಆ ಕಡೆಗೇ ಇದ್ದರೇನ್ರೀ?’ ಎಂದು ಕೇಳಿದನು. ‘ಪಾಠದಲ್ಲಿ ಇದ್ದಂತೆ ಆಡು’ ಎಂದು ನಾನು ಉತ್ತರಿಸಿದೆ. ಆ ಪ್ರಶ್ನೆಗೆ ಉತ್ತರ ನನಗೆ ತಿಳಿದಿರಲಿಲ್ಲವೆಂಬುದೇ ಸತ್ಯ.

ಮರುದಿನ ಅವನು ಕುದುರೆ ತರುವ ಹಡಗನ್ನು ಮಣ್ಣಿನಿಂದ ಮಾಡಿಕೊಂಡು ಬಂದನು. ಅದು ಬುಟ್ಟಿಯಂತೆ ದುಂಡಗಿತ್ತು. ಅದರೊಳಗೆ ಎರಡು ಮಣ್ಣಿನ ಕುದುರೆಗಳು ನಿಂತಿದ್ದವು. ಕೃಷ್ಣೆಯ ಹರಿಗೋಲಲ್ಲದೆ ಬೇರೆ ದೋಣಿಯನ್ನು ಆ ಮಗು ಕಂಡಿರಲಿಲ್ಲ. ‘ಇದೇನು ಹಡಗೋ, ರೊಟ್ಟಿಯ ಬುಟ್ಟಿಯೋ? ಹರಿಗೋಲಿನಲ್ಲಿ ಯಾರಾದರೂ ಕುದುರೆಯನ್ನು ತರುತ್ತಾರೆಯೇ?’ ಎಂದು ನಾನು ಹಾಸ್ಯ ಮಾಡಿದೆ. ಮತ್ತೆ ಎಲ್ಲರೂ ನಕ್ಕರು. ಅವನು ಆ ಹಡಗನ್ನು ಅಲ್ಲಿಯೇ ಇಟ್ಟು ತರಗತಿಗೆ ಹೋದನು. ಆಟದ ದಿನ ಶಾಲೆಗೆ ಬರಲಿಲ್ಲ. ಅದರ ಮರುದಿನ ಬಂದ ಮಳೆಯಲ್ಲಿ ಕೋಟೆಯೂ ಕರಗಿತು, ಹಡಗೂ ಕರಗಿತು.

ಎಷ್ಟೋ ವರ್ಷಗಳ ಮೇಲೆ, ನಿವೃತ್ತಿಗೆ ಸಮೀಪವಾದಾಗ, ಸೆವೆಲ್ಲರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅವಕಾಶ ನನಗೆ ದೊರೆಯಿತು. ಅದರಲ್ಲಿ ನೂನಿಜನಲ್ಲದೆ ದೊಮಿಂಗೊ ಪಾಯೆಸ್ ಎಂಬ ಇನ್ನೊಬ್ಬ ಪೋರ್ಚುಗೀಸನ ಬರೆಹವೂ ಇದೆ. ಅವನು ವಿಜಯನಗರವನ್ನು ಕಂಡದ್ದು ಇದೇ ಯುದ್ಧದ ಆಸುಪಾಸಿನ ಕಾಲದಲ್ಲಿ. ಆನೆಗೊಂದಿಗೆ ಹೋಗಲು ಜನರು ನದಿ ದಾಟುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳನ್ನು ಅವನು ವರ್ಣಿಸುತ್ತಾನೆ. ಒಳಗೆ ಬಿದಿರು, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ. ಅಗತ್ಯ ಬಿದ್ದರೆ ಕುದುರೆಗಳೂ ಎತ್ತುಗಳೂ ಅವುಗಳಲ್ಲಿ ದಾಟಬಹುದು ಎಂದು ಬರೆದಿದ್ದಾನೆ. ಆ ಸಾಲನ್ನು ಓದಿ ನಾನು ಪುಸ್ತಕವನ್ನು ಮುಚ್ಚಿಟ್ಟೆ. ಕಡಲಿನಲ್ಲಿ ಆ ದೋಣಿ ನಡೆಯುವುದಿಲ್ಲ, ನಿಜ. ಆದರೆ ಹೊರ್ಮುಜಿನ ಕುದುರೆ ಬಂದರಿನಲ್ಲಿ ಇಳಿದ ಮೇಲೆ ನಮ್ಮ ನಾಡಿನ ನದಿಗಳನ್ನೂ ದಾಟಬೇಕಷ್ಟೆ. ಹರಿಗೋಲಿನಲ್ಲಿ ಕುದುರೆ ಏರಬಲ್ಲದೆಂಬುದನ್ನು ಆ ಹುಡುಗ ಬಲ್ಲನು, ಅವನ ಮೇಷ್ಟರು ಅರಿಯರು.

ಅವನ ಪ್ರಶ್ನೆಗೂ ಅಲ್ಲಿಯೇ ಉತ್ತರವಿತ್ತು. ರಾಯನ ಸೈನ್ಯದ ಮೆರವಣಿಗೆಯನ್ನು ವರ್ಣಿಸುವಾಗ ಪಾಯೆಸನು, ಮುಸಲ್ಮಾನ ಸೈನಿಕರನ್ನು ಮರೆಯಬಾರದೆಂದು ಹೇಳಿ, ಗುರಾಣಿ, ಭರ್ಜಿ, ತುರ್ಕಿ ಬಿಲ್ಲುಗಳೊಡನೆ ಅವರೂ ಅಲ್ಲಿ ನಿಂತಿದ್ದರೆಂದು ಬರೆಯುತ್ತಾನೆ. ಅದಕ್ಕೂ ಸುಮಾರು ನೂರು ವರ್ಷ ಹಿಂದೆಯೇ ಇಮ್ಮಡಿ ದೇವರಾಯನು ಮುಸಲ್ಮಾನ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡು, ಅವರ ಗೌರವಕ್ಕಾಗಿ ಸಿಂಹಾಸನದ ಮುಂದೆ ಕುರಾನನ್ನು ಇರಿಸಿದ್ದನೆಂದು ಫೆರಿಷ್ತಾ ಹೇಳುತ್ತಾನೆ. ಇನ್ನು ಪೋರ್ಚುಗೀಸರು? ಫಿಗುಯೆರೆದೊ ರಾಯನ ಕಡೆಗಿದ್ದನು. ಆದರೆ ಆದಿಲ್‌ಶಹನ ಸೇನಾಪತಿ ಸಲಾಬತ್ ಖಾನನ ಜೊತೆಗೂ ಐನೂರು ಮಂದಿ ಪೋರ್ಚುಗೀಸರಿದ್ದರೆಂದು ನೂನಿಜನೇ ತಿಳಿಸುತ್ತಾನೆ. ಅಂದಮೇಲೆ ಇದು ಎರಡು ಧರ್ಮಗಳ ಯುದ್ಧವೆಂದು ನಾನು ಕಲಿಸಿದ ಪಾಠ ಎಷ್ಟು ಅಪಕ್ವವಾದುದು! ಆ ಹುಡುಗನಿಗೆ ರಾಯನ ಬಿಲ್ಲುಗಾರನ ಪಾತ್ರವನ್ನು ಕೊಟ್ಟಿದ್ದರೂ ಇತಿಹಾಸಕ್ಕೆ ಯಾವ ಅಪಚಾರವೂ ಆಗುತ್ತಿರಲಿಲ್ಲ.

ಇಂತಹ ಆಟಗಳಿಗೆ ಹೊರಜಗತ್ತಿನಲ್ಲಿಯೂ ಒಂದು ಇತಿಹಾಸವಿದೆ. 1826ರಲ್ಲಿ ಇಂಗ್ಲೆಂಡಿನ ಹಾವರ್ತ್ ಎಂಬ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ ತಮ್ಮ ಮಗನಿಗೆ ಮರದ ಸಿಪಾಯಿಗಳ ಪೆಟ್ಟಿಗೆಯೊಂದನ್ನು ತಂದುಕೊಟ್ಟರು. ಬ್ರಾನ್‌ವೆಲ್, ಷಾರ್ಲೆಟ್, ಎಮಿಲಿ, ಆ್ಯನ್ ಈ ನಾಲ್ವರೂ ತಮಗೆ ಬೇಕಾದ ಸಿಪಾಯಿಯನ್ನು ತಾವೇ ಆರಿಸಿಕೊಂಡು ಹೆಸರಿಟ್ಟರು. ಆ ಸಿಪಾಯಿಗಳು ಹಡಗನ್ನೇರಿ ಆಫ್ರಿಕದ ದಂಡೆಗೆ ಹೋಗಿ, ಗಾಜಿನ ನಗರವೆಂಬ ರಾಜಧಾನಿಯನ್ನು ಕಟ್ಟಿದ ಕಥೆ ವರ್ಷಗಟ್ಟಲೆ ಬೆಳೆಯಿತು. ಮುಂದೆ ಆ ಹುಡುಗಿಯರು ಇಂಗ್ಲಿಷಿನ ದೊಡ್ಡ ಕಾದಂಬರಿಕಾರ್ತಿಯರಾದರು. ಆದರೆ ಅವರ ಆಟದಲ್ಲಿ ಸೋಲುತ್ತಿದ್ದ ಅಶಾಂತಿ ಜನರ ಪರವಾಗಿ ‘ನಾವೇಕೆ ಸೋಲಬೇಕು?’ ಎಂದು ಕೇಳುವ ಮಗು ಆ ಮನೆಯಲ್ಲಿ ಇರಲಿಲ್ಲ. ನನ್ನ ತರಗತಿಯಲ್ಲಿ ಇತ್ತು, ನಾನು ಕೇಳಿಸಿಕೊಳ್ಳಲಿಲ್ಲ. 1911ರಲ್ಲಿ ಲೇಖಕ ಎಚ್. ಜಿ. ವೆಲ್ಸ್ ತಮ್ಮ ಇಬ್ಬರು ಗಂಡುಮಕ್ಕಳೊಡನೆ ನೆಲವನ್ನೇ ಸಮುದ್ರವಾಗಿಸಿ, ಹಲಗೆಗಳನ್ನು ದ್ವೀಪಗಳಾಗಿಸಿ ಆಡಿದ ಆಟಗಳ ಬಗ್ಗೆ ಪುಸ್ತಕವನ್ನೇ ಬರೆದರು.

ಮೊಮ್ಮಗನ ಇಟ್ಟಿಗೆಗಳ ಕಥೆ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನದು. ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದರು. ಅದೇ ಲೆಗೊ ಸಂಸ್ಥೆಯಾಯಿತು. 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆ ಬಂದಿತು. ಒಳಗೆ ಕೊಳವೆಗಳನ್ನಿಟ್ಟು, ಒಂದು ಇನ್ನೊಂದನ್ನು ಬಿಗಿಯಾಗಿ ಹಿಡಿಯುವಂತೆ ಮಾಡಿದ್ದು 1958ರಲ್ಲಿ. ಅಂಟಿಲ್ಲ, ಮೊಳೆಯಿಲ್ಲ. ನಮಗೇನೂ ಇದು ಹೊಸತಲ್ಲ. 1294ರಲ್ಲಿ ಕಾಕತೀಯರ ಕಾಲದಲ್ಲಿ ಕಟ್ಟಿದ ರಾಯಚೂರು ಕೋಟೆಯ ಒಳಗೋಡೆಯನ್ನು ನೋಡಿರಿ. ಭಾರಿ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿ ಏರಿಸಿದ್ದಾರೆ. ನಲವತ್ತೊಂದು ಅಡಿ ಉದ್ದದ ಶಾಸನದ ಕಲ್ಲು ಅಲ್ಲಿದೆ. ಅಂಥ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಗೋಡೆಯ ಮೇಲೆ ಕೆತ್ತಿದ್ದಾರೆ. ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಎಳೆದವರ, ಸನ್ನೆಗೋಲು ಹಾಕಿದವರ ಹೆಸರಿಲ್ಲದಿದ್ದರೂ ಅವರ ಚಿತ್ರವಾದರೂ ಉಳಿದಿದೆ.

ಲೆಗೊದವರ ಪುಟ್ಟ ಮನುಷ್ಯ ಬೊಂಬೆಗಳು 1978ರಲ್ಲಿ ಬಂದವು. ಹನ್ನೊಂದು ವರ್ಷಗಳ ಕಾಲ ಅವೆಲ್ಲಕ್ಕೂ ಒಂದೇ ಮುಖ: ಹಳದಿ ಬಣ್ಣ, ಎರಡು ಚುಕ್ಕೆ ಕಣ್ಣು, ಒಂದು ನಗೆ. ರಾಜನೂ ಅದೇ, ರೈತನೂ ಅದೇ. 1989ರಲ್ಲಿ ಹಾಯಿಹಡಗುಗಳ ಕಡಲ್ಗಳ್ಳರ ಸಾಲು ಬಂದಾಗ ಮೊದಲ ಬಾರಿಗೆ ಗಡ್ಡ, ಮೀಸೆ, ಕಣ್ಣುಪಟ್ಟಿಗಳ ಬೇರೆ ಬೇರೆ ಮುಖಗಳು ಬಂದವು. ಅಲ್ಲಿಯವರೆಗೆ ಯಾವ ಬೊಂಬೆ ಕಳ್ಳ, ಯಾವುದು ಕಾವಲುಗಾರ ಎಂಬುದನ್ನು ಮುಖ ನೋಡಿ ಹೇಳುವಂತಿರಲಿಲ್ಲ. ಆಡುವ ಮಗುವೇ ನಿರ್ಣಯಿಸಬೇಕಾಗಿತ್ತು. ಬೊಂಬೆಯ ಮುಖಕ್ಕೆ ಪಾತ್ರವನ್ನು ಅಂಟಿಸಿದರೆ ಹಾನಿಯಿಲ್ಲ. ಮಗುವಿನ ಮುಖ ನೋಡಿ, ಹೆಸರು ಕೇಳಿ ಪಾತ್ರ ಕೊಟ್ಟರೆ ಆಗುವ ಹಾನಿಯನ್ನು ನಾನು ಕಂಡಿದ್ದೇನೆ.

ಆ ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಬ್ರಾಂಟೆ ಮಕ್ಕಳ ಕಥೆಯನ್ನು ಹೇಳಿದೆ. ಪಾತ್ರವನ್ನು ಅವರವರೇ ಆರಿಸಿಕೊಳ್ಳಬೇಕು, ಯಾರಿಗೂ ಬೇಡವಾದುದನ್ನು ಸರದಿಯಂತೆ ಎಲ್ಲರೂ ಹೊರಬೇಕು ಎಂಬ ನಿಯಮವನ್ನು ಅವರೇ ಮಾಡಿಕೊಂಡರು. ಮೊದಲ ದಿನದ ಕಡಲ್ಗಳ್ಳ ನಾನು. ಅಳುತ್ತ ಹೋಗಿದ್ದ ಹುಡುಗನು ಬಂದು ಬಂದರಿನ ಅಧಿಕಾರಿಯಾಗಿ, ನನ್ನ ಹಡಗನ್ನು ಹಿಡಿದು, ದಂಡ ವಿಧಿಸಿದನು.

ಇನ್ನೊಂದು ಮಾತು ಉಳಿದಿದೆ. ಬೇವಿನ ಮರದ ಕೆಳಗೆ ಬುರುಜು ಕಟ್ಟಿದ ನನ್ನ ಶಿಷ್ಯನೇ, ನೀನು ಈಗ ಎಲ್ಲಿರುವೆಯೋ, ನಿನ್ನ ಮಕ್ಕಳು ಎಷ್ಟು ದೊಡ್ಡವರಾಗಿರುವರೋ ನಾನರಿಯೆ. ಈ ಬರೆಹವನ್ನು ಓದುವ ನಿನ್ನ ಜೊತೆಯವರು ಯಾರಾದರೂ ಇದನ್ನು ನಿನಗೆ ತಲುಪಿಸಲಿ. ಅಂದು ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು: ಇಲ್ಲ, ಎಲ್ಲರೂ ಆ ಕಡೆಗೇ ಇರಲಿಲ್ಲ, ಎರಡೂ ಕಡೆಗೆ ಎಲ್ಲರೂ ಇದ್ದರು. ಹರಿಗೋಲಿನಲ್ಲಿ ಕುದುರೆ ದಾಟುತ್ತದೆಂದು ನೀನು ಮಾಡಿ ತೋರಿಸಿದ್ದೂ ಸರಿಯಾಗಿತ್ತು. ತಪ್ಪು ನನ್ನದು. ಒಮ್ಮೆ ಮನೆಗೆ ಬಾ. ಮಣ್ಣೆತ್ತಿನ ಅಮವಾಸ್ಯೆಗೆ ಬಂದರೆ ಇನ್ನೂ ಸಂತೋಷ. ಎರೆಮಣ್ಣನ್ನು ನಾನು ಹದಮಾಡಿ ಇಟ್ಟಿರುತ್ತೇನೆ.