ಮೆರ್ಸೆನ್ನನ ಅರವತ್ತೇಳು: ಒಂದು ಮಹಾಸಂಖ್ಯೆಯ ಚರಿತ್ರೆ

ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ೧೪೭,೫೭೩,೯೫೨,೫೮೯,೬೭೬,೪೧೨,೯೨೭ ಎಂಬ ಸಂಖ್ಯೆ ದೊರೆಯುತ್ತದೆ. ಇಪ್ಪತ್ತೊಂದು ಅಂಕಗಳ ಈ ಸಂಖ್ಯೆ ಅವಿಭಾಜ್ಯವೆಂದು, ಎಂದರೆ ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದೆಂದು, ಪ್ಯಾರಿಸಿನ ಪಾದ್ರಿ ಮಾರಿನ್ ಮೆರ್ಸೆನ್ ೧೬೪೪ರಲ್ಲಿ ಬರೆದಿಟ್ಟನು. ಆ ಮಾತು ತಪ್ಪೆಂದು ತಿಳಿಯಲು ೨೩೨ ವರ್ಷಗಳು ಹಿಡಿದವು. ತಪ್ಪೆಂದು ತಿಳಿದ ಮೇಲೂ ಅದರ ಅಪವರ್ತನಗಳು ಕೈಗೆ ಸಿಕ್ಕಲು ಮತ್ತೆ ೨೭ ವರ್ಷಗಳು ಬೇಕಾದವು. ಈ ಎರಡನೆಯ ವಿಳಂಬವೇ ಹೆಚ್ಚು ಕುತೂಹಲಕರವಾದುದು.

ಇಂಥ ಸಂಖ್ಯೆಗಳ ಮೇಲಿನ ಆಸಕ್ತಿ ಯೂಕ್ಲಿಡನಷ್ಟು ಹಳೆಯದು. ೬, ೨೮, ೪೯೬ ಮೊದಲಾದ ಪರಿಪೂರ್ಣ ಸಂಖ್ಯೆಗಳು ಇವುಗಳಿಂದಲೇ ಹುಟ್ಟುತ್ತವೆ. ಎರಡರ ಘಾತವು ೨೫೭ನ್ನು ಮೀರದಂತೆ ಹನ್ನೊಂದು ಅವಿಭಾಜ್ಯಗಳ ಪಟ್ಟಿಯನ್ನು ಮೆರ್ಸೆನ್ ಕೊಟ್ಟನು, ಸಾಧನೆಯನ್ನು ಕೊಡಲಿಲ್ಲ. ಪಟ್ಟಿಯಲ್ಲಿ ೬೭ ಮತ್ತು ೨೫೭ ಸಲ್ಲದೆ ಸೇರಿದ್ದವು. ೬೧, ೮೯, ೧೦೭ ಸೇರಬೇಕಾಗಿದ್ದೂ ಬಿಟ್ಟುಹೋಗಿದ್ದವು. ದೊಡ್ಡವರ ಹೆಸರಿನಲ್ಲಿ ಬಂದ ಮಾತು ಪರೀಕ್ಷೆಯಿಲ್ಲದೆ ಎಷ್ಟು ಕಾಲ ಬಾಳಬಲ್ಲದೆಂಬುದಕ್ಕೆ ಶಾಸನಶಾಸ್ತ್ರದಲ್ಲಿ ಮಾತ್ರವಲ್ಲ, ಗಣಿತದಲ್ಲಿಯೂ ನಿದರ್ಶನಗಳುಂಟು.

೧೮೭೬ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ಒಂದು ಹೊಸ ಪರೀಕ್ಷೆಯನ್ನು ರೂಪಿಸಿ, ಅರವತ್ತೇಳರ ಸಂಖ್ಯೆ ಭಾಜ್ಯವೆಂದು ತೋರಿಸಿದನು. ಆ ಪರೀಕ್ಷೆ ಭಾಜಕವನ್ನು ಹುಡುಕುವುದೇ ಇಲ್ಲ. ಅವಿಭಾಜ್ಯವಾಗಿದ್ದರೆ ತೋರಲೇಬೇಕಾದ ಒಂದು ಲಕ್ಷಣ ಇಲ್ಲವೆಂದಷ್ಟೇ ಅದು ಹೇಳುತ್ತದೆ. ಪೆಟ್ಟಿಗೆಯಲ್ಲಿ ಒಡವೆ ಉಂಟೆಂದು ನಿಶ್ಚಯವಾಯಿತು, ಬೀಗದ ಕೈ ಮಾತ್ರ ಸಿಕ್ಕಲಿಲ್ಲ.

ಕೈಯನ್ನು ಹುಡುಕಿದವನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್. ಈ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವಾದರೂ ೧೩೪ರಿಂದ ಭಾಗಿಸಿದಾಗ ಒಂದು ಶೇಷವನ್ನು ಉಳಿಸಬೇಕು. ೮ರಿಂದ ಭಾಗಿಸಿದಾಗ ಒಂದನ್ನೋ ಏಳನ್ನೋ ಉಳಿಸಬೇಕು. ಈ ಎರಡು ಜರಡಿಗಳನ್ನು ಹಿಡಿದರೂ, ಮೊದಲ ಭಾಜಕವನ್ನು ಮುಟ್ಟುವ ಮೊದಲು ಪರೀಕ್ಷಿಸಬೇಕಾದ ಅವಿಭಾಜ್ಯಗಳು ಸುಮಾರು ಎಂಬತ್ತು ಸಾವಿರ. ಒಂದೊಂದಕ್ಕೂ ಇಪ್ಪತ್ತೊಂದು ಅಂಕಗಳ ಭಾಗಾಕಾರ! ಕೋಲ್ ವರ್ಗಶೇಷಗಳ ನೆರವಿನಿಂದ ಜರಡಿಯನ್ನು ಇನ್ನೂ ಸಣ್ಣದು ಮಾಡಿದನು. ಕೊನೆಗೆ ದೊರೆತ ಅಪವರ್ತನಗಳು ೧೯೩,೭೦೭,೭೨೧ ಮತ್ತು ೭೬೧,೮೩೮,೨೫೭,೨೮೭. ಒಂಬತ್ತನ್ನು ಕಳೆಯುವ ಹಳೆಯ ಲೆಕ್ಕದ ಒರೆಗೆ ಹಚ್ಚಿದರೆ ಮೂರು ಸಂಖ್ಯೆಗಳಿಗೂ ಉಳಿಯುವುದು ಒಂದೇ. ಅದು ಪೂರ್ಣ ಸಾಧನೆಯಲ್ಲ, ಆದರೂ ಓದುಗರು ಬೆರಳೆಣಿಕೆಯಲ್ಲಿ ಮಾಡಿ ನೋಡಬಹುದು.

೧೯೦೩ರ ಅಕ್ಟೋಬರ್ ೩೧ರಂದು ನ್ಯೂಯಾರ್ಕಿನಲ್ಲಿ ಸೇರಿದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಕೋಲ್ ಇದನ್ನು ಮಂಡಿಸಿದನು. ಅವನು ಒಂದು ಮಾತನ್ನೂ ಆಡದೆ ಹಲಗೆಯ ಮೇಲೆ ಎರಡು ಲೆಕ್ಕಗಳನ್ನು ಬರೆದು, ಎರಡೂ ಸರಿಹೊಂದಿದ್ದನ್ನು ತೋರಿಸಿ ಕುಳಿತುಕೊಂಡನೆಂದೂ, ಸಭೆ ಕರತಾಡನ ಮಾಡಿತೆಂದೂ ಇ. ಟಿ. ಬೆಲ್ ಬರೆದಿದ್ದಾನೆ. ಈ ಶ್ರಮಕ್ಕೆ ಮೂರು ವರ್ಷಗಳ ಭಾನುವಾರಗಳು ಹಿಡಿದವೆಂದು ಕೋಲ್ ಹೇಳಿದುದಾಗಿಯೂ ಅವನದೇ ಹೇಳಿಕೆ. ವಾರವೆಲ್ಲ ಕಚೇರಿಯಲ್ಲಿ ದುಡಿದು ರಜೆಯಂದು ಪುಸ್ತಕ ಬಿಚ್ಚುವವರಿಗೆ ಈ ಮಾತು ಪ್ರಿಯವಾಗುವುದು ಸಹಜ. ಆದರೆ ಬೆಲ್ಲನ ಗ್ರಂಥ ಅಚ್ಚಾದುದು ೧೯೫೧ರಲ್ಲಿ, ಸಭೆ ನಡೆದು ಸುಮಾರು ಅರ್ಧ ಶತಮಾನದ ಮೇಲೆ. ಕೋಲನಾದರೋ ಸಂಘದ ಪತ್ರಿಕೆಯಲ್ಲಿ ತನ್ನ ವಿಧಾನವನ್ನು ವಿವರಿಸಿ ಲೇಖನವನ್ನೇ ಪ್ರಕಟಿಸಿದ್ದನು. ಮೌನದ ಕಥೆ ಸೊಗಸಾದುದು. ಮುಂದಿನವರಿಗೆ ಒದಗಿದುದು ಲೇಖನ.

ಭಾಜ್ಯವೆಂದು ಅರಿಯುವುದಕ್ಕೂ ಭಾಜಕಗಳನ್ನು ಪಡೆಯುವುದಕ್ಕೂ ಇರುವ ಅಂತರ ಗಣಕಯಂತ್ರಗಳು ಬಂದ ಮೇಲೂ ಮುಚ್ಚಿಲ್ಲ. ೧೯೭೭ರಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಈ ಅಂತರವನ್ನೇ ಅಡಿಗಲ್ಲಾಗಿಸಿ ಗುಪ್ತಲಿಪಿಯೊಂದನ್ನು ರಚಿಸಿದರು. ೨೦೦೨ರಲ್ಲಿ ಕಾನ್ಪುರದ ಅಗ್ರವಾಲ್, ಕಯಾಲ್, ಸಕ್ಸೇನಾ ಎಂಬ ಮೂವರು, ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಮಿತವಾದ ಹಂತಗಳಲ್ಲಿ ತಪ್ಪಿಲ್ಲದೆ ನಿರ್ಣಯಿಸುವ ಮಾರ್ಗವನ್ನು ಕಂಡುಹಿಡಿದರು. ಅದೂ ಲ್ಯೂಕಾನ ಪರೀಕ್ಷೆಯಂತೆ ಭಾಜಕವನ್ನು ಕೊಡುವುದಿಲ್ಲ. ಎರಡರ ೧೨೭೭ನೆಯ ಘಾತದಿಂದ ಒಂದನ್ನು ಕಳೆದಾಗ ಬರುವ ೩೮೫ ಅಂಕಗಳ ಸಂಖ್ಯೆ ಭಾಜ್ಯವೆಂಬುದು ನಿಶ್ಚಿತ. ೨೦೨೪ರವರೆಗೂ ಅದರ ಒಂದು ಭಾಜಕವೂ ಯಾರಿಗೂ ಸಿಕ್ಕಿರಲಿಲ್ಲ.