ಬೇಟೆಯ ಜಾಡು ಮತ್ತು ನ್ಯಾಯದ ಜಾಡು

ಬಾಣ ತಗುಲಿದ ಜಿಂಕೆ ಬಹುಮಟ್ಟಿಗೆ ನಿಂತಲ್ಲಿಯೇ ಬೀಳುವುದಿಲ್ಲ. ಓಡಿ ಪೊದೆಗಳಲ್ಲಿ ಮರೆಯಾಗುತ್ತದೆ. ಕೂಡಲೇ ಬೆನ್ನಟ್ಟಿದರೆ ಇನ್ನೂ ದೂರ ಸಾಗುವುದು. ಆದುದರಿಂದ ನುರಿತ ಬೇಡನು ಕೆಲಕಾಲ ತಡೆದು, ಬಾಣ ತಾಕಿದ ಸ್ಥಳದಿಂದ ನೆತ್ತರ ಹನಿ, ಮುರಿದ ಹುಲ್ಲು, ಗೊರಸಿನ ಗುರುತುಗಳನ್ನು ಅನುಸರಿಸುತ್ತಾನೆ. ನೊರೆಗೂಡಿದ ಕೆಂಪು ನೆತ್ತರು ಶ್ವಾಸಕೋಶದ ಗಾಯವನ್ನೂ, ಕಪ್ಪಾದುದು ಯಕೃತ್ತಿನ ಗಾಯವನ್ನೂ ಸೂಚಿಸುತ್ತದೆ. ಈ ವಿದ್ಯೆ ಬೇಡರಲ್ಲಿಯೇ ಉಳಿಯದೆ ನ್ಯಾಯವಿಚಾರಕ್ಕೂ ಮಾದರಿಯಾದುದು ಗಮನಾರ್ಹ.

ಮನುಸ್ಮೃತಿಯ ೮ನೆಯ ಅಧ್ಯಾಯವು, ಅರಸನು ವ್ಯಾಜ್ಯಗಳಲ್ಲಿ ಅನುಮಾನಪ್ರಮಾಣವನ್ನು ಬಳಸಬೇಕಾದ ಬಗೆಯನ್ನು ಹೇಳುವಾಗ, ಜಾಡು ಹಿಡಿದ ಬೇಡನನ್ನೇ ಉಪಮಾನವಾಗಿ ತರುತ್ತದೆ. ೯ನೆಯ ಅಧ್ಯಾಯದಲ್ಲಿ, ಮೃಗವು ಮೊದಲು ಹೊಡೆದವನಿಗೆ ಸಲ್ಲುವುದೆಂಬ ನಿಯಮದ ಉಲ್ಲೇಖವಿದೆ. ಈ ಎರಡೂ ಒಂದನ್ನೊಂದು ಅವಲಂಬಿಸಿವೆ: ಬಾಣಕ್ಕೂ ಬಿದ್ದ ಮೃಗಕ್ಕೂ ನಡುವಣ ಜಾಡನ್ನು ತೋರಿಸಲಾರದವನ ಹಕ್ಕು ಬರಿಯ ಮಾತಾಗುತ್ತದೆ.

ಕಿರಾತಾರ್ಜುನ ಪ್ರಸಂಗದ ತೊಡಕು ಇದೇ. ಒಂದೇ ಹಂದಿಯಲ್ಲಿ ಇಬ್ಬರ ಬಾಣಗಳು ನೆಟ್ಟಿರಲು, ಮೊದಲಿನದು ಯಾರದೆಂಬುದಕ್ಕೆ ಸಾಕ್ಷ್ಯವಿಲ್ಲ, ವಾದವು ಯುದ್ಧವಾಗುತ್ತದೆ. ಈ ಕಥೆಯನ್ನು ಪಂಪನು ಕ್ರಿ. ಶ. ೯೪೧ರ ವಿಕ್ರಮಾರ್ಜುನವಿಜಯದಲ್ಲಿ ಕನ್ನಡಕ್ಕೆ ತಂದನು.

ಆಗ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಆಳ್ವಿಕೆ. ನಾಗಪುರದ ಕನ್ನಡಿಗರಿಗೆ ಈ ಅರಸನು ದೂರದವನಲ್ಲ. ಶಕ ೮೬೨ರ (ಕ್ರಿ. ಶ. ೯೪೦) ಅವನ ತಾಮ್ರಶಾಸನ ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತಿದೆ, ಅದು ನಾಗಪುರ-ನಂದಿವರ್ಧನ ಪ್ರದೇಶದ ಗ್ರಾಮವೊಂದರ ದಾನವನ್ನು ಹೇಳುತ್ತದೆ. ಅದೇ ಅರಸನ ಕಾಲದ, ಶಕ ೮೭೨ರ ಆತಕೂರು ಶಾಸನ ಬೇಟೆಯ ವಿಷಯದಲ್ಲಿ ಅಪೂರ್ವವಾದುದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ಮೆಚ್ಚುಗೆಯಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತುವು. ಮಣಲೇರನು ಆ ಬೇಟೆಯ ಕೀರ್ತಿಯನ್ನು ತನ್ನದೆನ್ನದೆ, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟನು. ಮೃಗವು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಸ್ಮೃತಿಗಳಲ್ಲಿಯೂ ದುರ್ಲಭ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಈಗ ಜಿಂಕೆಯ ಬೇಟೆ ನಿಷಿದ್ಧ. ನಾಗಪುರದ ಉತ್ತರಕ್ಕಿರುವ ಪೆಂಚ್ ಅರಣ್ಯದಂಥ ಕಡೆಗಳಲ್ಲಿ ಈಗ ಜಾಡಿನ ದಿಕ್ಕು ತಿರುಗಿದೆ: ಬಾಣದಿಂದ ಮೃಗದೆಡೆಗಲ್ಲ, ಗಾಯಗೊಂಡ ಮೃಗದಿಂದ ಹೊಡೆದವನೆಡೆಗೆ. ಮನುವಿನ ಉಪಮಾನವು ಈಗ ನ್ಯಾಯಾಲಯದ ಪ್ರಮಾಣವೇ ಆಗಿದೆ.