ಕನ್ನಡಕ ಕಳಚಿದ ಬೆಳಕು

ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಫಲ್ಗುಣಿ ನದಿ, ನಡುವೆ ಉದ್ದಕ್ಕೆ ಚಾಚಿದ ಮರಳುದಿಣ್ಣೆ ಬೆಂಗ್ರೆ. ಮಂಗಳೂರು ಪೇಟೆ ಕಣ್ಣೆದುರೇ ಇದ್ದರೂ ಅಲ್ಲಿಗೆ ಹೋಗಲು ದೋಣಿ ಹತ್ತಬೇಕು, ಇಲ್ಲವೇ ತಣ್ಣೀರುಬಾವಿ, ಪಣಂಬೂರು, ಕೂಳೂರು ಎಂದು ಸುತ್ತಿ ಬರಬೇಕು. ಮೀನುಗಾರಿಕೆಯೇ ಇಲ್ಲಿನ ಮುಖ್ಯ ದುಡಿಮೆ. ಬಿಸಿಲು, ನೀರಿನಿಂದ ಮೇಲೇಳುವ ಪ್ರಖರ ಬೆಳಕು, ಉಪ್ಪುಗಾಳಿ, ಹಾರುವ ಮರಳು ಎಲ್ಲಕ್ಕೂ ಮೊದಲು ಒಡ್ಡಿಕೊಳ್ಳುವುದು ಕಣ್ಣು. ಬಲೆ ಎಳೆಯುವವರು ಕನ್ನಡಕ ಹಾಕಿದರೆ ಗಾಜಿನ ಮೇಲೆ ಕೂರುವ ಉಪ್ಪುನೀರ ಹನಿಯೇ ತೊಡಕು. ಇಂಥ ಊರಿನಿಂದ ನೋಡಿದಾಗ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಬರೀ ಅಂದಚೆಂದದ ಮಾತಲ್ಲ.

ಕರ್ನಾಟಕದಲ್ಲಿ ಕಣ್ಣಿನ ಚಿಕಿತ್ಸೆಯ ಚರಿತ್ರೆ ಮಾತ್ರ ಬಹುಕಾಲ ಪೊರೆಯ ಚರಿತ್ರೆಯೇ ಆಗಿತ್ತು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮೂಲ 1848ರಷ್ಟು ಹಳೆಯದು. ಬೆಂಗಳೂರಿನಲ್ಲಿ ಮುಂದೆ ಮಿಂಟೋ ಎಂದು ಹೆಸರಾದ ಕಣ್ಣಾಸ್ಪತ್ರೆ 1896ರಲ್ಲಿ ಶುರುವಾಯಿತು. ಪೇಟೆಯ ಆಸ್ಪತ್ರೆಗೆ ಬರಲಾಗದವರ ಬಳಿಗೆ ತಾವೇ ಹೋದವರು ಡಾ. ಎಂ.ಸಿ. ಮೋದಿ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಮುರಿಗೆಪ್ಪ ಚನ್ನವೀರಪ್ಪ ಮೋದಿ ಊರೂರಿಗೆ ಉಚಿತ ಶಿಬಿರ ಒಯ್ದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. 1993ರ ಫೆಬ್ರವರಿ ಹೊತ್ತಿಗೆ ಅವರ ಒಟ್ಟು ಶಸ್ತ್ರಚಿಕಿತ್ಸೆಗಳು 6,10,564 ಎನ್ನುತ್ತದೆ ಅದೇ ಪುಸ್ತಕ.

ಆ ಶಿಬಿರಗಳ ಮೊದಲ ದಶಕಗಳಲ್ಲಿ ಪೊರೆ ತೆಗೆಸಿಕೊಂಡವರು ಭೂತಗನ್ನಡಿಯಂಥ ದಪ್ಪ ಕನ್ನಡಕ ಹೊತ್ತು ಮನೆಗೆ ಹೋಗುತ್ತಿದ್ದರು. ಕಣ್ಣೊಳಗೆ ಕೃತಕ ಮಸೂರ ಕೂರಿಸುವುದು ಇನ್ನೂ ರೂಢಿಗೆ ಬಂದಿರಲಿಲ್ಲ. ಶಸ್ತ್ರಚಿಕಿತ್ಸೆ ಮುಗಿಯುತ್ತಿದ್ದುದೇ ಕನ್ನಡಕದಲ್ಲಿ.

ಕನ್ನಡಕವನ್ನೇ ಕಳಚುವ ದಾರಿ ತೆರೆದದ್ದು ಕಣ್ಣಾಸ್ಪತ್ರೆಯಲ್ಲಲ್ಲ, ಕಂಪ್ಯೂಟರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿ. ಮದರಾಸಿನಲ್ಲಿ ಹುಟ್ಟಿ ಬೆಳೆದ ರಂಗಸ್ವಾಮಿ ಶ್ರೀನಿವಾಸನ್ ಆಗ ಅಮೆರಿಕದ ಐಬಿಎಂನಲ್ಲಿ ರಸಾಯನ ವಿಜ್ಞಾನಿಯಾಗಿದ್ದರು. 1981ರ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಅವರು ಪ್ರಯೋಗಾಲಯಕ್ಕೆ ಒಯ್ದು, ಅದರ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. 193 ನ್ಯಾನೋಮೀಟರ್ ಅಲೆಯುದ್ದದ ಆ ಅತಿನೇರಳೆ ಬೆಳಕು ಮಾಂಸವನ್ನು ಸುಡಲಿಲ್ಲ. ಸುತ್ತಲಿನ ಭಾಗಕ್ಕೆ ಬಿಸಿ ತಾಗದಂತೆ ನವಿರಾಗಿ ಕೆತ್ತಿತು. ಈ ಶೋಧದಲ್ಲಿ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೂ ಪಾಲುದಾರರು. ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ 1983ರಲ್ಲಿ ಶ್ರೀನಿವಾಸನ್ ಜೊತೆಗೂಡಿ ಇದು ಕಾರ್ನಿಯಾಕ್ಕೆ ಒಗ್ಗುತ್ತದೆಂದು ತೋರಿಸಿದರು. ನಮ್ಮ ಶಾಲಾ ಪುಸ್ತಕಗಳಲ್ಲಿ ಶ್ರೀನಿವಾಸನ್ ಹೆಸರು ಇರಲೇಬೇಕು.

ಕಾರ್ನಿಯಾ ಕಣ್ಣಿನ ಎದುರಿನ ಪಾರದರ್ಶಕ ಪದರ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಸಮೀಪದೃಷ್ಟಿ ಇರುವವರಲ್ಲಿ ಬೆಳಕು ಅಕ್ಷಿಪಟಲ ಮುಟ್ಟುವ ಮೊದಲೇ ಕೂಡಿಬಿಡುತ್ತದೆ. ಲೇಸರ್‌ನಿಂದ ಕಾರ್ನಿಯಾದ ನಡುಭಾಗವನ್ನು ಕೊಂಚ ಚಪ್ಪಟೆಗೊಳಿಸಿದರೆ ಬೆಳಕು ಸರಿಯಾದ ಜಾಗಕ್ಕೆ ಬೀಳುತ್ತದೆ. 1988ರಲ್ಲಿ ಮಾರ್ಗರೀಟ್ ಮೆಕ್‌ಡೊನಾಲ್ಡ್ ಕಾರ್ನಿಯಾದ ಮೇಲ್ಮೈಯನ್ನೇ ಕೆತ್ತಿ ಇದನ್ನು ಮಾಡಿದರು. ಬಳಿಕ ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಅಯೋನಿಸ್ ಪಾಲಿಕಾರಿಸ್ ತೆಳು ಪದರವೊಂದನ್ನು ಎತ್ತಿ, ಅದರಡಿ ಲೇಸರ್ ಹಾಯಿಸಿ, ಮತ್ತೆ ಮುಚ್ಚುವ ಕ್ರಮ ತಂದರು. ಅದೇ ಲಾಸಿಕ್. ನೋವು ಕಡಿಮೆ, ಮರುದಿನವೇ ನೋಟ ಸ್ಪಷ್ಟ. ಜನಪ್ರಿಯವಾಗಲು ಅಷ್ಟು ಸಾಕಾಯಿತು. ಬೆಂಗಳೂರಿಗೂ ಮಂಗಳೂರಿಗೂ ಅದು ಬಂತು.

ಬಂದದ್ದು ಶಿಬಿರದ ದಾರಿಯಲ್ಲಲ್ಲ, ಖಾಸಗಿ ಆಸ್ಪತ್ರೆಗಳ ದಾರಿಯಲ್ಲಿ. ಯಂತ್ರದ ಬೆಲೆಯೇ ಅಷ್ಟು. ಹಾಗಾಗಿ ಮೋದಿಯವರ ಕತ್ತಿ ಮುಟ್ಟಿದ ಮನೆಗಳಿಗೆಲ್ಲ ಈ ಬೆಳಕು ಮುಟ್ಟಿಲ್ಲ. ಎಲ್ಲರಿಗೂ ಇದು ಹೊಂದುವುದೂ ಇಲ್ಲ. ಹದಿನೆಂಟು ತುಂಬದವರು, ಪವರ್ ಇನ್ನೂ ಏರುತ್ತಿರುವವರು, ಕಾರ್ನಿಯಾ ತೆಳುವಾಗಿರುವವರು, ಕಣ್ಣು ತೀರಾ ಒಣಗುವವರು ದೂರ ಇರಬೇಕು. ಲೇಸರ್ ಮಾಡಿಸಿಕೊಂಡವರಿಗೂ ನಲವತ್ತು ದಾಟಿದ ಮೇಲೆ ಓದಲು ಚಾಳೀಸು ಬೇಕಾದೀತು.

ಮಕ್ಕಳಿಗಂತೂ ಮೊದಲ ಮದ್ದು ಇವತ್ತಿಗೂ ಕನ್ನಡಕವೇ. ಬೋರ್ಡಿನ ಅಕ್ಷರ ಕಾಣದೆ ಹಿಂದೆ ಬೀಳುವ ಮಗುವಿಗೆ ಬೇಕಾದದ್ದು ಸರಿಯಾದ ಪವರ್‌ನ ಒಂದು ಜೊತೆ ಗಾಜು. ಬೆಂಗ್ರೆಯಂಥ ಊರುಗಳ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಕಣ್ಣಿನ ತಪಾಸಣೆ ಆಗಲಿ. ಅದಕ್ಕಾಗಿ ಮಕ್ಕಳು ಹೊಳೆ ದಾಟುವುದು ಬೇಡ, ವೈದ್ಯರೇ ದೋಣಿ ಹತ್ತಿ ಬರಲಿ.